ಈಗ ನಿನ್ನ ಸರದಿ

ಮೊಬೈಲಿನಲ್ಲಿ ಜೊತೆಗೂಡಿ ಆಡೋದು ಪಬ್‌ಜಿ ಕಾಲದಲ್ಲಿ ಶುರುವಾಗಿದ್ದು ಅಂತ ನಮ್ಮ ಆಫೀಸಿನ ಹುಡುಗರು ಅಂದ್ಕೊಂಡಿದ್ದಾರೆ. ಅವರಿಗೆ ನೋಕಿಯಾ 6110 ಗೊತ್ತಿಲ್ಲ, ಪಾಪ. 1997ರಲ್ಲಿ ಬಂದ ಆ ಫೋನಿನಲ್ಲೇ ನಮ್ಮೆಲ್ಲರ ಪ್ರೀತಿಯ ಹಾವಿನಾಟ ಮೊದಲು ಕಾಣಿಸಿಕೊಂಡಿದ್ದು. ಫಿನ್ಲೆಂಡಿನ ತನೆಲಿ ಅರ್ಮಾಂಟೋ ಅನ್ನೋ ಇಂಜಿನಿಯರ್ ಬರೆದ ಆಟ. ಅದರಲ್ಲಿ ಇಬ್ಬರು ಆಡೋ ವ್ಯವಸ್ಥೆಯೂ ಇತ್ತು! ಎರಡು ಫೋನುಗಳ ಇನ್ಫ್ರಾರೆಡ್ ಕಿಂಡಿಗಳನ್ನ ಎದುರುಬದುರು ಹಿಡ್ಕೊಂಡು ಆಡಬೇಕಿತ್ತು. ಅಂದ್ರೆ ಜೊತೆಗಾರ ಒಂದು ಮೊಳ ದೂರದಲ್ಲೇ ಕೂತಿರಬೇಕು.

ನಮ್ಮಲ್ಲಿ ಬಹಳ ಜನರ ಕೈಗೆ ಬಂದಿದ್ದು ಆಮೇಲಿನ ನೋಕಿಯಾ 1100. ರೂಮಿಗೆಲ್ಲ ಒಂದೇ ಫೋನು, ಕೈಯಿಂದ ಕೈಗೆ. ಫೋನಿನಲ್ಲಿ ಉಳೀತಿದ್ದದ್ದು ಅಂಕ ಮಾತ್ರ, ಅದು ಯಾರ ಅಂಕ ಅನ್ನೋದು ನಮ್ಮ ಬಾಯಲ್ಲಿ ಇರ್ತಿತ್ತು. "ಲೋ, ಅದು ನಂದು ಕಣೋ" ಅಂತ ಎಷ್ಟು ಜಗಳ! ಅಂಕ ಫೋನಿನಲ್ಲಿ, ಜನ ಎದುರಿಗೆ.. ಆಗಿನ ಲೆಕ್ಕ ಅಷ್ಟೇ.

ಆಮೇಲೆ ಒಂದು ದಿನ ಜನರೂ ಫೋನಿನೊಳಗೆ ಹೋದ್ರು. ಅದು ಹೇಗೆ ಹೋದ್ರು, ಅಲ್ಲಿ ಅವರಿಗೆ ಏನಾಯ್ತು ಅನ್ನೋದನ್ನ ಬರೀಬೇಕು ಅಂತ ತುಂಬಾ ದಿನದಿಂದ ಅಂದ್ಕೊಳ್ತಿದ್ದೆ. ಇವತ್ತು ಭಾನುವಾರ, ಕರೆಂಟೂ ಇದೆ, ಕೂತಿದೀನಿ :)

ಕಥೆ ಶುರುವಾಗೋದು 2008ರ ಜುಲೈನಲ್ಲಿ, ಆಪಲ್ ತನ್ನ ಆಪ್ ಸ್ಟೋರ್ ತೆರೆದಾಗ. ಮೊದಲ ದಿನಗಳಲ್ಲೇ ಅಲ್ಲಿ ಬಂದ ಆಟಗಳಲ್ಲಿ ಅರೋರಾ ಫೇಂಟ್ ಅನ್ನೋದೂ ಒಂದು. ಜೇಸನ್ ಸಿಟ್ರಾನ್ ಮತ್ತು ಡೇನಿಯಲ್ ಕ್ಯಾಸ್ಲಿ ಅನ್ನೋ ಇಬ್ಬರು ಸೇರಿ ಮಾಡಿದ್ದು. ಬಣ್ಣದ ಇಟ್ಟಿಗೆಗಳನ್ನ ಜೋಡಿಸೋ ಒಗಟು. ಆಟ ಚೆನ್ನಾಗಿತ್ತು. ಆದ್ರೆ ಅದು ಸುದ್ದಿಯಾಗಿದ್ದು ಬೇರೆ ಕಾರಣಕ್ಕೆ. ನಿಮ್ಮ ಗೆಳೆಯರಲ್ಲಿ ಯಾರ್ಯಾರು ಈ ಆಟ ಆಡ್ತಿದ್ದಾರೆ ಅಂತ ತೋರಿಸೋಕೆ ಆ ಆಪ್ ಫೋನಿನಲ್ಲಿದ್ದ ಹೆಸರು-ನಂಬರುಗಳ ಪುಸ್ತಕವನ್ನ ತನ್ನ ಸರ್ವರಿಗೆ ಕಳಿಸ್ತಿತ್ತು, ಅದೂ ಗೂಢಲಿಪಿ ಏನೂ ಇಲ್ಲದೆ ಬಟಾಬಯಲಲ್ಲಿ. ಅದೇ ತಿಂಗಳು ಆಪಲ್ ಅದನ್ನ ಅಂಗಡಿಯಿಂದ ತೆಗೆದು ಹಾಕ್ತು. ಅವರು ಸರಿಪಡಿಸಿದ ಮೇಲೆ ಮತ್ತೆ ಒಳಗೆ ಬಿಡ್ತು.

ಈ ಪ್ರಸಂಗದಲ್ಲಿ ಮುಂದಿನ ಇಡೀ ಕಥೆಯ ಬೀಜ ಇದೆ ಅನ್ಸುತ್ತೆ ನಂಗೆ. ಒಬ್ಬನೇ ಆಡೋಕೆ ಬೇಜಾರು, ಗೊತ್ತಿರೋರು ಯಾರಾದ್ರೂ ಬೇಕು. ಗೊತ್ತಿರೋರನ್ನ ಹುಡುಕಬೇಕಾದ್ರೆ ನಿಮ್ಮ ಪಟ್ಟಿ ಇನ್ಯಾರದ್ದೋ ಕೈಗೆ ಹೋಗಬೇಕು.

2009ರ ಆರಂಭದಲ್ಲಿ ಅದೇ ತಂಡ ಓಪನ್‌ಫೇಂಟ್ ಅನ್ನೋದನ್ನ ತಂತು. ಇದು ಆಟ ಅಲ್ಲ, ಬೇರೆಯವರ ಆಟಗಳ ಒಳಗೆ ಕೂರೋ ಒಂದು ಜಾಲ. ಇದರ ಉಪಯೋಗ ಏನು ಅಂತ ಕೇಳಬಹುದು. ಒಬ್ಬನೋ ಇಬ್ಬರೋ ಮನೆಯಲ್ಲಿ ಕೂತು ಆಟ ಬರೀತಿದ್ದ ಕಾಲ ಅದು. ಅಂಕಪಟ್ಟಿ ಇಡೋಕೆ, ಗೆಳೆಯರ ಪಟ್ಟಿ ಇಡೋಕೆ, ಹರಟೆಗೆ ಜಾಗ ಕೊಡೋಕೆ ಅಂಥವರು ತಮ್ಮದೇ ಸರ್ವರ್ ಎಲ್ಲಿಂದ ತರಬೇಕು? ಓಪನ್‌ಫೇಂಟ್ ಕೊಟ್ಟ ಕೋಡನ್ನ ಆಟದೊಳಗೆ ಸೇರಿಸಿಬಿಟ್ರೆ ಎಲ್ಲಾ ತಯಾರು. ಆಡೋರಿಗೂ ಅನುಕೂಲ. ಒಂದು ಆಟದಲ್ಲಿ ಒಂದು ಅಡ್ಡಹೆಸರು ಇಟ್ಕೊಂಡ್ರೆ ಓಪನ್‌ಫೇಂಟ್ ಇರೋ ಎಲ್ಲಾ ಆಟದಲ್ಲೂ ಅದೇ ಹೆಸರು, ಅದೇ ಗೆಳೆಯರು.

ಆಗ ನಮ್ಮಲ್ಲಿ ಐಫೋನ್ ಅಂದ್ರೆ ದೊಡ್ಡ ಮಾತು. 2008ರ ಆಗಸ್ಟ್‌ನಲ್ಲಿ ಐಫೋನ್ 3ಜಿ ಭಾರತಕ್ಕೆ ಬಂದಾಗ 8 ಜಿಬಿ ಫೋನಿಗೆ 31,000 ರೂಪಾಯಿ ಬೆಲೆ. ನನ್ನ ಸಂಬಳಕ್ಕೆ ಅದು ಎಟುಕೋ ಹಾಗಿರ್ಲಿಲ್ಲ. ಅಕ್ಕ ಅಮೆರಿಕದಿಂದ ಬರುವಾಗ ಒಂದು ಐಪಾಡ್ ಟಚ್ ತಂದುಕೊಟ್ಟಿದ್ಲು, ಅದರಲ್ಲೇ ಆಡ್ತಿದ್ದೆ. ಮನೆಯಲ್ಲಿ ವೈಫೈ ಇರ್ಲಿಲ್ಲ, ಆಫೀಸಿಗೆ ಬಂದಮೇಲೆ ನೆನ್ನೆ ರಾತ್ರಿಯ ಅಂಕಗಳೆಲ್ಲ ಒಟ್ಟಿಗೆ ಪಟ್ಟಿಗೆ ಏರ್ತಿದ್ವು. ಒಂದು ಒಗಟಿನಾಟದಲ್ಲಿ ನನ್ನ ಹೆಸರಿನ ಮೇಲೆ ಯಾವಾಗ್ಲೂ ಒಬ್ಬರ ಹೆಸರು ಇರ್ತಿತ್ತು. ಗಂಡೋ ಹೆಣ್ಣೋ, ಯಾವ ದೇಶವೋ ಏನೂ ಗೊತ್ತಿಲ್ಲ. ನಾನು ಅವರನ್ನ ದಾಟಿದ ಮಾರನೇ ದಿನ ಅವರು ನನ್ನ ದಾಟಿರ್ತಿದ್ರು. ಅವರೂ ನನ್ನ ಹೆಸರನ್ನ ನೋಡ್ಕೊಂಡೇ ಆಡ್ತಿದಾರೆ ಅಂತ ಖಾತ್ರಿ ಆಯ್ತು. ಒಂದು ಮಾತೂ ಆಡದೆ ಇಬ್ಬರೂ ಒಂದಷ್ಟು ತಿಂಗಳು ಹಾಗೇ ಪೈಪೋಟಿ ಮಾಡಿದ್ವಿ. ಇದನ್ನ ಸ್ನೇಹ ಅನ್ನಬಹುದಾ? ಗೊತ್ತಿಲ್ಲ. ಆದ್ರೆ ಬೆಳಿಗ್ಗೆ ಮೊದಲು ನೋಡ್ತಿದ್ದದ್ದು ಆ ಹೆಸರನ್ನೇ.

ಅಂಕಪಟ್ಟಿಯ ಈ ಸಂಬಂಧಕ್ಕಿಂತ ಗಟ್ಟಿಯಾದ ಇನ್ನೊಂದು ಬಗೆ ಇತ್ತು. ಅದು ಸರದಿಯ ಆಟಗಳದ್ದು. 2009ರಲ್ಲಿ ಅಮೆರಿಕದ ಟೆಕ್ಸಾಸ್‌ನಿಂದ ವರ್ಡ್ಸ್ ವಿತ್ ಫ್ರೆಂಡ್ಸ್ ಬಂತು. ಪಾಲ್ ಮತ್ತು ಡೇವಿಡ್ ಬೆಟ್ನರ್ ಅನ್ನೋ ಅಣ್ಣತಮ್ಮಂದಿರ ನ್ಯೂಟಾಯ್ ಕಂಪನಿ ಮಾಡಿದ್ದು. ಸ್ಕ್ರಾಬಲ್ ಥರದ್ದೇ. ನಿಮ್ಮ ಹತ್ತಿರ 7 ಅಕ್ಷರ ಇರುತ್ತೆ, ಹಲಗೆ ಮೇಲೆ ಇಂಗ್ಲಿಷ್ ಪದ ಜೋಡಿಸಬೇಕು. ವಿಶೇಷ ಏನಂದ್ರೆ ಇಬ್ಬರೂ ಒಂದೇ ಹೊತ್ತಿಗೆ ಕೂತಿರಬೇಕಾಗಿಲ್ಲ. ನೀವೊಂದು ಪದ ಇಟ್ಟು ಫೋನು ಜೇಬಿಗೆ ಹಾಕ್ಕೊಂಡು ಹೋಗಿ, ಅವರಿಗೆ ಬಿಡುವಾದಾಗ ಇಡ್ತಾರೆ. ಆಗ ನಿಮ್ಮ ಫೋನಿಗೆ ಒಂದು ಸೂಚನೆ ಬರುತ್ತೆ: ಈಗ ನಿನ್ನ ಸರದಿ. ಹಿಂದೆ ಕಾಗದದಲ್ಲಿ ಚದುರಂಗ ಆಡ್ತಿದ್ರಲ್ಲ, ಒಂದು ಕಾರ್ಡಿಗೆ ಒಂದು ನಡೆ.. ಹಾಗೇ. ಇದರ ಹುಚ್ಚು ಎಷ್ಟಿತ್ತು ಅಂದ್ರೆ, 2011ರ ಡಿಸೆಂಬರಿನಲ್ಲಿ ನಟ ಅಲೆಕ್ ಬಾಲ್ಡ್‌ವಿನ್‌ನನ್ನ ಲಾಸ್ ಏಂಜಲೀಸ್‌ನಲ್ಲಿ ವಿಮಾನದಿಂದ ಕೆಳಗಿಳಿಸಿದ್ದು ಇದೇ ಆಟದ ಗಲಾಟೆಯಲ್ಲಿ.

ಅಕ್ಕ ಇರೋದು ನ್ಯೂಜೆರ್ಸಿಯಲ್ಲಿ. ನಾವಿಬ್ಬರೂ ಫೋನಿನಲ್ಲಿ ಮಾತಾಡೋದು ಅಷ್ಟಕ್ಕಷ್ಟೇ. ಊಟ ಆಯ್ತಾ, ಅಮ್ಮನ ಬಿಪಿ ಎಷ್ಟು, ಅಲ್ಲಿ ಸ್ನೋ ಬಿತ್ತಾ.. ಹತ್ತು ನಿಮಿಷಕ್ಕೆ ಸರಕು ಖಾಲಿ. ಆಟಕ್ಕೆ ಸರಕೇ ಬೇಕಿರ್ಲಿಲ್ಲ. ಅವಳು ರಾತ್ರಿ ಪಾತ್ರೆ ತೊಳೆದಿಟ್ಟು ಒಂಬತ್ತೂವರೆಗೆ ಒಂದು ಪದ ಇಡ್ತಿದ್ಲು, ನಮಗಿಲ್ಲಿ ಬೆಳಿಗ್ಗೆ ಏಳು. ನಾನು ಕಾಫಿ ಕುಡೀತಾ ನನ್ನ ಪದ ಇಡ್ತಿದ್ದೆ. ಒಂದ್ಸಲ ಇಂಗ್ಲಿಷ್ ಅಕ್ಷರದಲ್ಲಿ 'ಮೊಸರು' ಅಂತ ಇಟ್ಟು ನೋಡಿದೆ, ಆಟ ಒಪ್ಪಲಿಲ್ಲ. ಅದನ್ನ ಹೇಳಿದ್ದಕ್ಕೆ "ಒಗ್ಗರಣೆ ಹಾಕಿ ಇಡ್ಬೇಕಿತ್ತು" ಅಂತ ಬರೆದಿದ್ಲು.

2014ರ ಬೇಸಿಗೆ ಕಳೆದ ಮೇಲೆ ಅವಳ ಸರದಿ ಬರೋ ಹೊತ್ತು ಬದಲಾಯ್ತು. ಮಧ್ಯಾಹ್ನ ಹನ್ನೆರಡೂವರೆ, ನಾನು ಆಫೀಸಿನ ಕ್ಯಾಂಟೀನಿನಲ್ಲಿ ಕ್ಯೂ ನಿಂತಿರುವಾಗ. ಅಲ್ಲಿ ಅದು ಬೆಳಗಿನ ಜಾವ ಮೂರು ಗಂಟೆ. ಮೊದಲ ದಿನ ಏನೋ ಇರಬೇಕು ಅಂದ್ಕೊಂಡೆ. ಮಾರನೇ ದಿನವೂ ಅದೇ ಹೊತ್ತಿಗೆ ಬಂತು. ಮೂರನೇ ದಿನ ಆಟದ ಪಕ್ಕದಲ್ಲಿರೋ ಚಾಟಿನಲ್ಲಿ "ನಿದ್ದೆ ಬರ್ತಿಲ್ವಾ ಅಕ್ಕ?" ಅಂತ ಕೇಳಿದೆ. "ಸುಮ್ನೆ ಆಡೋ" ಅಂದ್ಲು. ಭಾನುವಾರ ಸ್ಕೈಪಿನಲ್ಲಿ ಅಮ್ಮನ ಎದುರು ನಗ್ತಾ ಇದ್ಲು, ತಲೆಗೆ ಸ್ಕಾರ್ಫ್ ಕಟ್ಟಿದ್ಲು. "ಏನೇ ಇದು ವೇಷ?" ಅಂತ ಅಮ್ಮ ಕೇಳಿದ್ದಕ್ಕೆ "ಇಲ್ಲಿ ಇದೇ ಫ್ಯಾಷನ್ ಅಮ್ಮ" ಅಂದ್ಲು. ಎರಡು ವಾರ ಆದಮೇಲೆ ಒಂದು ಮಧ್ಯಾಹ್ನ ಚಾಟಿನಲ್ಲಿ ಮೂರು ಸಾಲು ಬಂತು.

"ಕೀಮೋ ನಡೀತಿದೆ.
ಅಮ್ಮಂಗೆ ಹೇಳ್ಬೇಡ.
ನಿನ್ನ ಸರದಿ."

ಅವತ್ತು ನಾನು ಏನು ಪದ ಇಟ್ಟೆ ಅಂತ ನೆನಪಿಲ್ಲ. ಇಟ್ಟಿದ್ದಂತೂ ಹೌದು. ಅವತ್ತೇ ರಾತ್ರಿ ಭಾವನಿಗೆ ಫೋನ್ ಮಾಡಿ ವಿಷಯ ಎಲ್ಲಾ ತಿಳ್ಕೊಂಡೆ. ಆದ್ರೆ ಆಟದಲ್ಲಿ ಅವಳೂ ಕಾಯಿಲೆಯ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಊಟದ ಹೊತ್ತನ್ನ ಹನ್ನೆರಡೂವರೆಗೆ ಗಟ್ಟಿ ಮಾಡ್ಕೊಂಡೆ. ಟ್ರೇ ಪಕ್ಕ ಫೋನು. ಅವಳಿಗೆ ನಿದ್ದೆ ಬಾರದ ಆ ಒಂದೂವರೆ ಗಂಟೆಯಲ್ಲಿ ಹತ್ತು ಹನ್ನೆರಡು ಸರದಿ ನಡೀತಿತ್ತು. ಒಂದು ದಿನ ವಾಕರಿಕೆಗಿರೋ ಇಂಗ್ಲಿಷ್ ಪದ, ನಾಸಿಯಾ, ಇಟ್ಟು ಪಕ್ಕದಲ್ಲಿ ಬರೆದ್ಲು: "ಬರೀ ಸ್ವರಗಳೇ ಬಂದಿದ್ವು ಕಣೋ. ಕೊನೆಗೂ ಉಪಯೋಗಕ್ಕೆ ಬಂತು :)"

ಅಕ್ಟೋಬರಿನಲ್ಲಿ ಮೂರು ದಿನ ಅವಳ ಸರದಿ ಬರಲೇ ಇಲ್ಲ. ಫೋನ್ ಮಾಡಿದ್ರೆ ಭಾವ ಎತ್ತಲಿಲ್ಲ. ಅಮ್ಮನ್ನ ಕೇಳೋ ಹಾಗಿಲ್ಲ, ಅಮ್ಮನಿಗೆ ಗೊತ್ತೇ ಇಲ್ಲ. ನಾಲ್ಕನೇ ದಿನ ಮೀಟಿಂಗಿನಲ್ಲಿದ್ದಾಗ ಜೇಬಿನಲ್ಲಿ ಫೋನು ಗುರ್ ಅಂತು. ಎರಡೇ ಅಕ್ಷರ, ಕ್ಯೂ ಮತ್ತು ಐ. ಚೀನೀಯರು ಪ್ರಾಣಶಕ್ತಿಗೆ ಹೇಳೋ ಪದ, ಆಟ ಅದನ್ನ ಒಪ್ಪುತ್ತೆ. 11 ಅಂಕ. ಅರ್ಥ ಗೊತ್ತಿದ್ದು ಇಟ್ಟಳೋ, ಕ್ಯೂ ಅಕ್ಷರ ಕಳೆಯೋಕೆ ಇಟ್ಟಳೋ ಇವತ್ತಿಗೂ ಕೇಳಿಲ್ಲ. ನಾನಂತೂ ಮೀಟಿಂಗಿನಿಂದ ಎದ್ದು ಹೋಗಿ ಮೆಟ್ಟಿಲ ಹತ್ತಿರ ನಿಂತು ಮೂಗು ಒರೆಸಿಕೊಂಡೆ.

ಈಗ ಅವಳು ಆರಾಮಾಗಿದ್ದಾಳೆ. ಮುಂದಿನ ವರ್ಷ ಗುಂಗುರು ಗುಂಗುರಾಗಿ ಬೆಳೆದಿದ್ದ ಕೂದಲಲ್ಲಿ ಊರಿಗೆ ಬಂದು ಅಮ್ಮನಿಗೆ ಅವಳೇ ಹೇಳಿದ್ಲು. ಇದನ್ನ ಅವಳನ್ನ ಕೇಳಿಯೇ ಬರೀತಿದೀನಿ.

ಇಷ್ಟೆಲ್ಲ ಹೇಳಿದ್ದು ಯಾಕೆ ಅಂದ್ರೆ, ಮೊಬೈಲ್ ಆಟದ ಜಾಲ ಅಂದ ಕೂಡ್ಲೇ ಎಲ್ಲರೂ ಅಂಕ, ಪದಕ, ಚಟ ಇವುಗಳ ಬಗ್ಗೆನೇ ಮಾತಾಡ್ತಾರೆ. ನನಗೆ ಅದರಿಂದ ಸಿಕ್ಕಿದ್ದು ಸರದಿ. ಆ ಕಡೆ ಒಬ್ಬರು ಇದ್ದಾರೆ, ಎಚ್ಚರ ಇದ್ದಾರೆ, ನಿನ್ನ ನೆನೆಸಿಕೊಂಡಿದ್ದಾರೆ ಅಂತ ತಿಳಿಸೋ ಒಂದು ಗುರ್.

ಆದ್ರೆ ಕಂಪನಿಗಳ ಲೆಕ್ಕದಲ್ಲಿ ಇದಕ್ಕೆ ಬೆಲೆ ಹೇಗೆ ಕಟ್ತಾರೆ? ಅದನ್ನೂ ನೋಡಿಬಿಡೋಣ.

ನ್ಯೂಟಾಯ್‌ನ 2010ರ ಕೊನೆಯಲ್ಲಿ ಝಿಂಗಾ ಕೊಂಡ್ಕೊಂಡಿತು, ಸುಮಾರು 5.3 ಕೋಟಿ ಡಾಲರಿಗೆ. ಓಪನ್‌ಫೇಂಟನ್ನ 2011ರ ಏಪ್ರಿಲ್‌ನಲ್ಲಿ ಜಪಾನಿನ ಗ್ರೀ ಕಂಪನಿ 10.4 ಕೋಟಿ ಡಾಲರಿಗೆ ಕೊಂಡಿತು. ಗ್ರೀ ಅಂದ್ರೆ ಯೋಶಿಕಾಝು ತನಾಕಾ 2004ರಲ್ಲಿ ಶುರು ಮಾಡಿದ ಸಾಮಾಜಿಕ ಜಾಲ. ಆರು ಪರಿಚಯ ದಾಟಿದ್ರೆ ಜಗತ್ತಿನ ಯಾರನ್ನಾದ್ರೂ ತಲುಪಬಹುದು ಅನ್ನೋ 'ಸಿಕ್ಸ್ ಡಿಗ್ರೀಸ್' ಕಲ್ಪನೆಯಿಂದ ಬಂದ ಹೆಸರು. ಓಪನ್‌ಫೇಂಟ್ ಹತ್ತಿರ ಸ್ವಂತದ್ದು ಅಂತ ದೊಡ್ಡ ಆಟ ಯಾವುದೂ ಇರ್ಲಿಲ್ಲ. ಆ ದುಡ್ಡು ಕೊಟ್ಟಿದ್ದು ಕೋಟಿಗಟ್ಟಲೆ ಜನರ ಪಟ್ಟಿಗೆ. ಅದೇ ವರ್ಷ ಆಲ್ಡೋ ಕೊರ್ಟೆಸಿ ಅನ್ನೋ ಭದ್ರತಾ ತಜ್ಞ ಒಂದು ವಿಷಯ ಬಯಲು ಮಾಡಿದ. ಐಫೋನಿನ ಗುರುತಿನ ಸಂಖ್ಯೆ ಒಂದು ಗೊತ್ತಿದ್ರೆ ಸಾಕು, ಓಪನ್‌ಫೇಂಟ್ ಮೂಲಕ ಅದರ ಹಿಂದಿರೋ ವ್ಯಕ್ತಿ ಯಾರು ಅನ್ನೋವರೆಗೂ ಹೋಗಬಹುದಿತ್ತು. ಅಡ್ಡಹೆಸರು ಬರೀ ತೆಳು ಪರದೆ.

ಜಪಾನಿನಲ್ಲಿ ಆಗಲೇ ಈ ವ್ಯಾಪಾರ ಎಲ್ಲಿಗೆ ಹೋಗಿತ್ತು ಅಂದ್ರೆ, ಒಳಗೆ ಏನಿದೆ ಅಂತ ತೋರಿಸದೆ ಆಟದ ಸಾಮಾನು ಮಾರೋದು, ಅಂಥ ಒಂದಿಷ್ಟು ಸಾಮಾನು ಪೂರ್ತಿ ಕೂಡಿಸಿದವರಿಗೆ ಅಪರೂಪದ ಬಹುಮಾನ ಕೊಡೋದು. ಕೊಂಪು ಗಾಚಾ ಅಂತ ಅದರ ಹೆಸರು. ಜಾತ್ರೆಯಲ್ಲಿ ಚೀಟಿ ಎತ್ತಿಸ್ತಾರಲ್ಲ, ಅದನ್ನ ಇಪ್ಪತ್ನಾಲ್ಕು ಗಂಟೆ ಜೇಬಲ್ಲಿ ಇಟ್ಟ ಹಾಗೆ. 2012ರ ಮೇ ತಿಂಗಳಲ್ಲಿ ಅಲ್ಲಿನ ಗ್ರಾಹಕ ವ್ಯವಹಾರ ಇಲಾಖೆ ಇದು ಕಾನೂನಿಗೆ ವಿರುದ್ಧ ಅಂದಮೇಲೆ ಕಂಪನಿಗಳು ನಿಲ್ಲಿಸಿದ್ವು.

ಅದೇ ವರ್ಷದ ನವೆಂಬರಿನಲ್ಲಿ ಓಪನ್‌ಫೇಂಟ್ ಮುಚ್ಚುತ್ತೆ ಅಂತ ಪ್ರಕಟಣೆ ಬಂತು, ಡಿಸೆಂಬರ್ 14ಕ್ಕೆ ಬಾಗಿಲು ಹಾಕಿಯೂ ಆಯ್ತು. ತಿಂಗಳೂ ಇಲ್ಲ! ಆಟ ಬರೆದವರು ಬೇರೆ ಜಾಲಕ್ಕೆ ಬದಲಾಯಿಸಿಕೊಳ್ಳಬೇಕಾಯ್ತು. ಆಡ್ತಿದ್ದವರ ಅಂಕ, ಗೆಳೆಯರು, ಪೈಪೋಟಿ ಎಲ್ಲಾ ಸರ್ವರಿನ ಜೊತೆ ಹೋಯ್ತು. ಆರ್ಕುಟ್ ಮುಚ್ಚಿದ್ದು ನಿಮಗೆಲ್ಲ ನೆನಪಿರಬಹುದು, 2014ರ ಸೆಪ್ಟೆಂಬರ್ 30. ಅಲ್ಲಿ ಅಷ್ಟೋ ಇಷ್ಟೋ ಅಳೋಕಾದ್ರೂ ಜನ ಇದ್ರು. ಇದಕ್ಕೆ ಅದೂ ಇರ್ಲಿಲ್ಲ, ಆಟ ತಾನೇ ಅಂತ.

ಕೊಂಡವರಿಗೂ ಸುಖ ಸಿಗಲಿಲ್ಲ ಅನ್ನೋದು ಬೇರೆ ಮಾತು. ಡ್ರಾ ಸಮ್‌ಥಿಂಗ್ ನೆನಪಿದ್ಯಾ? ಒಬ್ಬರು ಬೆರಳಲ್ಲಿ ಚಿತ್ರ ಬರೆದು ಕಳಿಸೋದು, ಇನ್ನೊಬ್ಬರು ಅದೇನು ಅಂತ ಊಹಿಸೋದು. 2012ರ ಫೆಬ್ರವರಿಯಲ್ಲಿ ಬಂತು, 50 ದಿನದಲ್ಲಿ 5 ಕೋಟಿ ಸಲ ಡೌನ್‌ಲೋಡ್ ಆಯ್ತು. ಮಾರ್ಚಿನಲ್ಲಿ ಝಿಂಗಾ ಅದನ್ನ ಮಾಡಿದ ಓಎಂಜಿಪಾಪ್ ಕಂಪನಿಯನ್ನ ಸುಮಾರು 18 ಕೋಟಿ ಡಾಲರಿಗೆ ಕೊಂಡಿತು. 2013ರ ಜೂನ್‌ನಲ್ಲಿ ಆ ಆಫೀಸನ್ನೇ ಮುಚ್ಚಿತು. ಜನ ಬರ್ತಿದ್ದದ್ದು ಜನರಿಗಾಗಿ. ಗೆಳೆಯ ಚಿತ್ರ ಕಳಿಸೋದು ನಿಲ್ಲಿಸಿದ ದಿನ ಇವನೂ ನಿಲ್ಲಿಸ್ತಾನೆ.

ಆಪಲ್ ತನ್ನದೇ ಗೇಮ್ ಸೆಂಟರನ್ನ 2010ರ ಸೆಪ್ಟೆಂಬರಿನಲ್ಲಿ ತಂತು. ಇಸ್ಪೀಟ್ ಟೇಬಲ್ಲಿನ ಹಸಿರು ಬಟ್ಟೆಯ ಹಾಗಿರೋ ಹಿನ್ನೆಲೆ, ಮರದ ಚೌಕಟ್ಟು. 2016ರಲ್ಲಿ ಆ ಆಪನ್ನೇ ತೆಗೆದುಬಿಟ್ರು, ಒಳಗಿನ ವ್ಯವಸ್ಥೆ ಮಾತ್ರ ಉಳೀತು. 2025ರ ಸೆಪ್ಟೆಂಬರಿನಲ್ಲಿ ಗೇಮ್ಸ್ ಅನ್ನೋ ಹೊಸ ಆಪ್ ಕೊಟ್ಟು ಮತ್ತೆ ಗೆಳೆಯರ ಪಟ್ಟಿ ಎದುರಿಗಿಟ್ಟಿದ್ದಾರೆ. ಅಷ್ಟು ದೊಡ್ಡ ಕಂಪನಿಗೂ ಇದನ್ನ ಎಲ್ಲಿಡಬೇಕು ಅಂತ ಹದಿನೈದು ವರ್ಷ ಗೊತ್ತಾಗಲಿಲ್ಲ ನೋಡಿ.

ಗೊತ್ತಾಗಿದ್ದು ಬಹುಶಃ ಸಿಟ್ರಾನ್‌ಗೆ. ಓಪನ್‌ಫೇಂಟ್ ಮಾರಿದ ಮೇಲೆ ಆತ ಫೇಟ್ಸ್ ಫಾರೆವರ್ ಅನ್ನೋ ಇನ್ನೊಂದು ಆಟ ಮಾಡಿದ, 2014ರಲ್ಲಿ ಬಂತು, ಓಡಲಿಲ್ಲ. ಆಡುವಾಗ ಜೊತೆಗಾರರ ಹತ್ತಿರ ಮಾತಾಡೋದು ಕಷ್ಟ ಅಂತ ಅನಿಸಿ, 2015ರ ಮೇನಲ್ಲಿ ಬರೀ ಮಾತಾಡೋ ಜಾಗ ಒಂದನ್ನ ತಂದ. ಅದೇ ಡಿಸ್ಕಾರ್ಡ್. ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗೋ ಮಕ್ಕಳಿದ್ರೆ ಕೇಳಿ ನೋಡಿ, ಗೊತ್ತಿರುತ್ತೆ. ಆಟ, ಅಂಕ, ಪದಕ ಎಲ್ಲಾ ತೆಗೆದು ಪಕ್ಕಕ್ಕಿಟ್ಟ ಮೇಲೂ ಉಳಿದದ್ದು ಹರಟೆ.

ನಮ್ಮಲ್ಲಿ ಇದೆಲ್ಲ ಸ್ವಲ್ಪ ತಡವಾಗಿ, ಬೇರೆ ಥರ ಆಯ್ತು. 2016ರಲ್ಲಿ ಬಂದ ಲೂಡೋ ಕಿಂಗ್ ಮುಂಬೈ ಕಡೆಯ ವಿಕಾಶ್ ಜೈಸ್ವಾಲ್ ಅವರ ಕಂಪನಿಯದ್ದು. 2020ರ ಲಾಕ್‌ಡೌನ್‌ನಲ್ಲಿ ಅದು ಮನೆಮನೆಯ ಆಟ ಆಗಿಹೋಯ್ತು. ಪಗಡೆ, ಚೌಕಾಬಾರ ಆಡಿದ ಅಜ್ಜಿಯರಿಗೆ ಅದನ್ನ ಯಾರೂ ಕಲಿಸಿಕೊಡಬೇಕಾಗಿರ್ಲಿಲ್ಲ. ಕಾಯಿ ಹೊಡೆದಾಗ ಬೈಯೋಕೆ ಎದುರಿಗೆ ಮೊಮ್ಮಗ ಇಲ್ಲದಿದ್ರೇನು, ಇನ್ನೊಂದು ಊರಿನಲ್ಲಿ ಇದ್ದನಲ್ಲ.

ಅದೇ ವರ್ಷ ಸೆಪ್ಟೆಂಬರ್ 2ಕ್ಕೆ ಪಬ್‌ಜಿ ಮೊಬೈಲ್ ನಿಷೇಧ ಆಯ್ತು, ಅಕ್ಟೋಬರ್ 30ಕ್ಕೆ ಸರ್ವರ್ ನಿಂತಿತು. ನಮ್ಮ ಪಕ್ಕದ ಮನೆಯ ಹುಡುಗ ಡಿಗ್ರಿ ಓದ್ತಿದ್ದ. ಎರಡು ವರ್ಷ ದಿನಾ ರಾತ್ರಿ ನಾಲ್ಕು ಜನರ ತಂಡದಲ್ಲಿ ಆಡಿದ್ದ, ಅದರಲ್ಲಿ ಒಬ್ಬ ಗುವಾಹಟಿಯವನು. ಆ ಹುಡುಗನ ತಂದೆಗೆ ಕೋವಿಡ್ ಆಗಿ ಆಸ್ಪತ್ರೆಗೆ ಸೇರಿಸಿದಾರೆ ಅನ್ನೋ ತನಕ ಇವನಿಗೆ ಗೊತ್ತಿತ್ತು. ಆಮೇಲೆ ಆಟ ನಿಂತಿತು. "ಏನಾದ್ರೋ ಏನೋ ಅಂಕಲ್, ಅವನ ನಿಜವಾದ ಹೆಸರೇ ನಂಗೆ ಗೊತ್ತಿಲ್ಲ" ಅಂದ. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಅನ್ನೋ ಹೊಸ ಹೆಸರಿನಲ್ಲಿ ಬಂದಾಗ ಇವನು ಮೊದಲು ಹುಡುಕಿದ್ದು ಆ ಅಡ್ಡಹೆಸರನ್ನ. ಸಿಗಲಿಲ್ಲ.

ಎದುರಿಗೆ ಕೂತು ಹಾವಿನಾಟ ಆಡಿದವರಿಗೆ ಈ ಥರದ ಕಳವಳ ಇರ್ಲಿಲ್ಲ. ಆಟ ಮುಗಿದ ಮೇಲೂ ಜೊತೆಗಾರ ಅಲ್ಲೇ ಕೂತಿರ್ತಿದ್ದ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾಯ್ದೆ ಮಾಡ್ತು. ಹಣ ಕಟ್ಟಿ ಆಡೋ ಆಟಗಳಿಗೆ ಅದರಲ್ಲಿ ನಿಷೇಧ. 'ಆನ್‌ಲೈನ್ ಸೋಶಿಯಲ್ ಗೇಮ್' ಅಂತ ಒಂದು ಬೇರೆ ಬಗೆಯನ್ನೇ ಗುರುತಿಸಿ ಅದಕ್ಕೆ ಪ್ರೋತ್ಸಾಹ ಕೊಡೋ ಮಾತೂ ಇದೆ. ಜೂಜು ಯಾವುದು, ಜೊತೆಗೂಡಿ ಆಡೋದು ಯಾವುದು ಅಂತ ಕಾನೂನು ಗೆರೆ ಎಳೆದದ್ದು ಒಳ್ಳೇದೇ. ಆದ್ರೆ ಜಾಲ ಮುಚ್ಚುವಾಗ ನನ್ನ ಗೆಳೆಯರ ಪಟ್ಟಿ ನನ್ನ ಕೈಗೆ ವಾಪಸ್ ಕೊಡಿ ಅಂತ ಕೇಳೋದು ನಮಗಿನ್ನೂ ಅಭ್ಯಾಸ ಆಗಿಲ್ಲ.

ಹಾಗಾಗಿ ನಾನು ಒಂದು ಸಣ್ಣ ರೂಢಿ ಮಾಡ್ಕೊಂಡಿದೀನಿ. ಆಟದಲ್ಲಿ ಪರಿಚಯ ಆದ ದೊಡ್ಡವರು ಆರು ತಿಂಗಳಾದ್ರೂ ಜೊತೆಗೇ ಇದ್ರೆ, "ಈ ಆಟ ನಿಂತುಹೋದ್ರೆ ನಿಮ್ಮನ್ನ ಎಲ್ಲಿ ಹುಡುಕ್ಲಿ?" ಅಂತ ಕೇಳಿಬಿಡ್ತೀನಿ. ಕೆಲವರು ಮೇಲ್ ವಿಳಾಸ ಕೊಟ್ಟಿದ್ದಾರೆ. ಒಬ್ಬರು ನಕ್ಕು ಸುಮ್ಮನಾದ್ರು, ಅದೂ ಸರಿಯೇ. ಇಬ್ಬರು ಆಟ ಬಿಟ್ಟು ಬಹಳ ಕಾಲ ಆದ್ರೂ ಯುಗಾದಿಗೆ ಮೆಸೇಜ್ ಕಳಿಸ್ತಾರೆ.

ನಿಮಗೂ ಹೀಗೆ ಅಂಕಪಟ್ಟಿಯಲ್ಲೋ, ಲೂಡೋದಲ್ಲೋ ಸಿಕ್ಕು ಕೈತಪ್ಪಿ ಹೋದ ಹೆಸರು ಯಾವುದಾದ್ರೂ ಇದ್ಯಾ? ಇದ್ರೆ ಹೇಳಿ, ಕೇಳೋಕೆ ಆಸೆ.